ಹಿರೇಗುಡ್ಡದ ಕಲ್ಲಿನ ಕೊಡಲಿ

ಬಳ್ಳಾರಿ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡ ಗ್ರಾನೈಟ್ ಬಂಡೆಗಳ ಬೆಟ್ಟ. ಅದನ್ನು ಸೀಳಿಕೊಂಡು ಹೋಗಿದೆ ಡಾಲರೈಟ್ ಎಂಬ ಕಪ್ಪನೆಯ ಗಟ್ಟಿ ಶಿಲೆಯ ಪಟ್ಟಿ. ಸುಮಾರು 3,400 ವರ್ಷಗಳ ಹಿಂದೆ ಇಲ್ಲಿನ ದನಗಾಹಿಗಳಿಗೆ ಕೊಡಲಿಯ ಕಲ್ಲು ಸಿಗುತ್ತಿದ್ದುದು ಈ ಪಟ್ಟಿಯಲ್ಲೇ.

ಎಬ್ಬಿಸಿದ ತುಂಡನ್ನು ಮೊದಲು ಇನ್ನೊಂದು ಕಲ್ಲಿನಿಂದ ಹೊಡೆದು ಚಕ್ಕೆ ತೆಗೆಯುತ್ತಿದ್ದರು. ಏಟು ತಪ್ಪಿದರೆ ತುಂಡೇ ಎರಡು ಹೋಳು. ಆಕಾರ ಬಂದ ಮೇಲೆ ಉಬ್ಬುತಗ್ಗುಗಳನ್ನು ಕುಟ್ಟಿ ಸಮ ಮಾಡಿ, ಗ್ರಾನೈಟ್ ಹಾಸಿನ ಮೇಲೆ ಉಜ್ಜಿ ಉಜ್ಜಿ ಅಂಚನ್ನು ಹರಿತಗೊಳಿಸುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಕೆಲಸವೇ ಇದು. ಹಾಗೆ ಉಜ್ಜಿದಲ್ಲಿ ಬಂಡೆ ಸವೆದು ಬಿದ್ದ ನುಣುಪಾದ ತಗ್ಗುಗಳು ಕಣ್ಣಿಗೆ ಕಾಣುವಂತೆ ಉಳಿದಿವೆ. ಸಣ್ಣ ಅಲಗುಗಳಿಗೆ ಡಾಲರೈಟ್ ಒಗ್ಗದು. ಅವಕ್ಕೆ ನಯವಾದ ಚರ್ಟ್ ಕಲ್ಲು ಬಳಕೆಯಲ್ಲಿತ್ತು.