ಕೋಟೆಯ ತೋಟವೂ ಒಂದು ಶಿಲ್ಲಿಂಗೂ



"ವಾರಕ್ಕೆ ಹತ್ತು-ಇಪ್ಪತ್ತು ರೂಪಾಯಿ ಹಾಕಿದ್ರೆ ಏನಾಗುತ್ತೆ ಸಿಸ್ಟರ್?" ಎಂದು ಕೆಲವರು ಕೇಳುವುದುಂಟು. ಇದಕ್ಕೆ ಇಂಗ್ಲೆಂಡ್ ದೇಶದ ಒಂದು ಉದಾಹರಣೆ ನೋಡೋಣ.

ಹಿಂದೆ ಅಲ್ಲಿ ಬಡವರು ಹಾಸಿಗೆ ಹಿಡಿದರೆ ನೋಡಿಕೊಳ್ಳುವವರಿರಲಿಲ್ಲ. 1859ರಲ್ಲಿ ಲಿವರ್‌ಪೂಲ್‌ನ ವ್ಯಾಪಾರಿ ವಿಲಿಯಂ ರಾತ್‌ಬೋನ್, ತಮ್ಮ ಹೆಂಡತಿಯ ಕೊನೆಗಾಲದಲ್ಲಿ ಆರೈಕೆ ಮಾಡಿದ್ದ ನರ್ಸ್ ಮೇರಿ ರಾಬಿನ್ಸನ್ ಅವರನ್ನೇ ಬಡವರ ಮನೆಗಳಿಗೆ ಕಳಿಸಿದರು. ಮನೆಮನೆಗೆ ಹೋಗುವ ನರ್ಸ್‌ಗಳ ಸೇವೆ ಹೀಗೆ ಬೆಳೆಯಿತು. ಆದರೆ ತರಬೇತಿಗೆ, ವಯಸ್ಸಾದ ನರ್ಸ್‌ಗಳ ನೆರವಿಗೆ ಹಣ ಬೇಕಲ್ಲ?

1926ರಲ್ಲಿ ಎಲ್ಸಿ ವಾಗ್ ಎಂಬ ಮಹಿಳೆ ಒಂದು ಉಪಾಯ ಹೇಳಿದರು: ಶ್ರೀಮಂತರ ಖಾಸಗಿ ತೋಟಗಳನ್ನು ಒಂದು ದಿನ ಜನರಿಗೆ ತೆರೆಯೋಣ, ತಲೆಗೆ ಒಂದು ಶಿಲ್ಲಿಂಗ್ ಪಡೆಯೋಣ. 1927ರಲ್ಲಿ 609 ತೋಟಗಳು ತೆರೆದವು. ಕೂಡಿದ ಹಣ 8,000 ಪೌಂಡಿಗೂ ಹೆಚ್ಚು! ಆಗ ಒಂದು ಪೌಂಡಿಗೆ 20 ಶಿಲ್ಲಿಂಗ್. ಅಂದರೆ 1,60,000ಕ್ಕೂ ಹೆಚ್ಚು ಶಿಲ್ಲಿಂಗ್. ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ಲ, ಹಾಗೆ.

ಕೆಂಟ್ ಪ್ರಾಂತ್ಯದ ಸಿಸ್ಸಿಂಗ್‌ಹರ್ಸ್ಟ್ ಕೋಟೆಯ ತೋಟ 1938ರಲ್ಲಿ ಇದೇ ಯೋಜನೆಯಲ್ಲಿ ಮೊದಲ ಬಾರಿ ಎರಡು ದಿನ ತೆರೆಯಿತು. ಪಾಳುಬಿದ್ದಿದ್ದ ಆ ಜಾಗವನ್ನು 1930ರಲ್ಲಿ ಕೊಂಡು ತೋಟ ಮಾಡಿದವರು ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಮತ್ತು ಅವರ ಗಂಡ ಹೆರಾಲ್ಡ್ ನಿಕೋಲ್ಸನ್. ಶಿಲ್ಲಿಂಗ್ ಕೊಟ್ಟು ಬಂದವರನ್ನು ವೀಟಾ ಪ್ರೀತಿಯಿಂದ 'ಶಿಲ್ಲಿಂಗಿನವರು' ಎನ್ನುತ್ತಿದ್ದರು. ಒಂದು ಕಾಲಕ್ಕೆ ಅದೇ ಕೋಟೆ ಊರಿನ ನಿರ್ಗತಿಕರನ್ನಿಟ್ಟು ಕೆಲಸ ಮಾಡಿಸುವ ಮನೆಯಾಗಿತ್ತು. ಕಾಲ ಹೇಗೆ ತಿರುಗುತ್ತೆ ನೋಡಿ!

ಇಂಥ ದಿನ ನಡೆಯುವುದು ಸರಳವಾಗಿ. ಬಾಗಿಲಲ್ಲಿ ಟಿಕೆಟ್, ಒಳಗೆ ಚಹಾ-ಕೇಕು, ಸಸಿಗಳ ಮಾರಾಟ. ಊರವರೇ ಸ್ವಯಂಸೇವಕರು. 1948ರಲ್ಲಿ ಸರಕಾರವೇ ಆರೋಗ್ಯ ಸೇವೆ ವಹಿಸಿಕೊಂಡರೂ ಈ ಯೋಜನೆ ನಿಲ್ಲಲಿಲ್ಲ. ಇಂದು ಸಣ್ಣ ಮನೆಗಳ ಹಿತ್ತಲುಗಳೂ ಇದರಲ್ಲಿ ಸೇರಿವೆ. ಕ್ಯಾನ್ಸರ್ ರೋಗಿಗಳ ಮತ್ತು ಕೊನೆಗಾಲದವರ ಆರೈಕೆ ಮಾಡುವ ಸಂಸ್ಥೆಗಳಿಗೆ ಹಣ ಹೋಗುತ್ತದೆ.

ಇದರಿಂದ ನಾವು ಕಲಿಯುವುದೇನು?

1. ಕೊಡುವುದಕ್ಕೆ ಹಣವೇ ಬೇಕಿಲ್ಲ. ಇರುವ ಜಾಗ, ಕೈಕೆಲಸ, ಸಮಯ ಕೊಡಬಹುದು.
2. ಒಬ್ಬರ ದೊಡ್ಡ ದಾನಕ್ಕಿಂತ ಹಲವರ ಸಣ್ಣ ಪಾಲು ಹೆಚ್ಚು ಕಾಲ ಬಾಳುತ್ತದೆ.
3. ಹಣ ಯಾರಿಗೆ ಹೋಗುತ್ತದೆಂದು ಮೊದಲೇ ಹೇಳಬೇಕು. ಆಗಲೇ ಜನ ನಂಬುತ್ತಾರೆ.

ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಭಾರ ನಮ್ಮಲ್ಲಿ ಹೆಚ್ಚಾಗಿ ಹೆಣ್ಣಿನ ತಲೆಗೇ ಬರುತ್ತದೆ. ಅವಳು ಕೂಲಿಗೂ ಹೋಗಲಾರಳು, ಸಭೆಗೂ ಬರಲಾರಳು. ನಿಮ್ಮ ಬೀದಿಯಲ್ಲಿ ಅಂಥವರು ಯಾರಿದ್ದಾರೆ? ಸಂಘದಿಂದ ಏನು ಮಾಡಬಹುದು? ಮುಂದಿನ ಸಭೆಯಲ್ಲಿ ಚರ್ಚಿಸಿ, ನಡಾವಳಿ ಪುಸ್ತಕದಲ್ಲಿ ಬರೆದಿಡಿ.