ಮೂಲಕ್ಕೆ ಕೈ ಹಚ್ಚದೆ ಫೋಟೊ ತಿದ್ದುವುದು

ಮದುವೆಯ ಫೋಟೊ. ವಧುವಿನ ಮುಡಿಯಲ್ಲಿ ಮಲ್ಲಿಗೆ ದಂಡೆ ಚೆನ್ನಾಗಿ ಬಂದಿದೆ, ಮುಖ ಮಾತ್ರ ತುಸು ಮಬ್ಬು. ತಿದ್ದಲು ಕುಳಿತವರು ಬ್ರೈಟ್‌ನೆಸ್ ಏರಿಸುತ್ತಾರೆ. ಮುಖ ಬೆಳಗುತ್ತದೆ. ಸೇವ್ ಮಾಡಿ ಫೈಲ್ ಮುಚ್ಚುತ್ತಾರೆ. ಮರುದಿನ ತೆರೆದರೆ ಮಲ್ಲಿಗೆ ದಂಡೆಯೆಲ್ಲ ಬರೀ ಬಿಳಿ ಮುದ್ದೆ. ಬ್ರೈಟ್‌ನೆಸ್ ಇಳಿಸಿದರೂ ಎಸಳುಗಳು ಮರಳಿ ಬರುವುದಿಲ್ಲ. ಬಿಳಿ ಮುದ್ದೆ ಬೂದು ಮುದ್ದೆಯಾಗುತ್ತದೆ, ಅಷ್ಟೇ.

ಹೀಗೇಕಾಗುತ್ತದೆ ಎಂಬುದನ್ನು ಕೂಡುವ ಕಳೆಯುವ ಲೆಕ್ಕದಲ್ಲೇ ತಿಳಿಯಬಹುದು. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿಗಳಿಗೆ 0ಯಿಂದ 255ರವರೆಗಿನ ಒಂದೊಂದು ಅಂಕಿ ಇರುತ್ತದೆ. ಮಲ್ಲಿಗೆಯ ಮೂರು ಎಸಳುಗಳ ಅಂಕಿ 200, 220, 240 ಎಂದಿಟ್ಟುಕೊಳ್ಳಿ. ಎಲ್ಲಕ್ಕೂ 60 ಕೂಡಿಸಿದರೆ 260, 280, 300 ಆಗಬೇಕು. ಆದರೆ 255ರ ಮೇಲೆ ಜಾಗವೇ ಇಲ್ಲ. ಮೂರೂ 255ಕ್ಕೆ ಬಂದು ನಿಲ್ಲುತ್ತವೆ. ಈಗ 60 ಕಳೆದರೆ ಮೂರೂ 195. ಎಸಳಿಗೂ ಎಸಳಿಗೂ ಇದ್ದ ಅಂತರ ಅಳಿಸಿಹೋಯಿತು. ಅದರ ಮೇಲೆ, ಜೆಪೆಗ್ ಫೈಲನ್ನು ತಿದ್ದಿ ಸೇವ್ ಮಾಡಿದ ಪ್ರತಿಸಲವೂ ಚಿತ್ರ ಹೊಸದಾಗಿ ಕಂಪ್ರೆಸ್ ಆಗಿ ಇನ್ನಷ್ಟು ವಿವರ ಕಳೆದುಕೊಳ್ಳುತ್ತದೆ.

ಈ ನಷ್ಟ ತಪ್ಪಿಸುವ ದಾರಿಗೆ ನಾನ್-ಡಿಸ್ಟ್ರಕ್ಟಿವ್ ಎಡಿಟಿಂಗ್ ಎನ್ನುತ್ತಾರೆ. ಮೂಲ ಪಿಕ್ಸೆಲ್‌ಗಳು ಇದ್ದಂತೆಯೇ ಇರುತ್ತವೆ. ತಿದ್ದುಪಡಿಗಳು ಸೂಚನೆಗಳ ರೂಪದಲ್ಲಿ ಬೇರೆಯಾಗಿ ಉಳಿಯುತ್ತವೆ. ಪರದೆಯ ಮೇಲೆ ಕಾಣುವುದು ಮೂಲದ ಮೇಲೆ ಆ ಸೂಚನೆಗಳನ್ನು ಅನ್ವಯಿಸಿದ ಫಲ. ಸೂಚನೆ ಬದಲಿಸಿದರೆ ಲೆಕ್ಕ ಮತ್ತೆ ಮೂಲದಿಂದಲೇ ಶುರುವಾಗುತ್ತದೆ. ಸೂಚನೆ ತೆಗೆದರೆ 200, 220, 240 ಹಾಗೆಯೇ ಸಿಗುತ್ತವೆ.

ಈ ಸೌಲಭ್ಯ ಒಂದೇ ಸಲ ಬಂದದ್ದಲ್ಲ. ಥಾಮಸ್ ಮತ್ತು ಜಾನ್ ನೋಲ್ ಸಹೋದರರು ರೂಪಿಸಿದ ಫೋಟೊಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂದಾಗ ಚಿತ್ರದ ಮೇಲೆ ಪಾರದರ್ಶಕ ಹಾಳೆಗಳಂತೆ ಕೂರುವ ಲೇಯರ್‌ಗಳೇ ಇರಲಿಲ್ಲ. 1994ರ 3.0 ಆವೃತ್ತಿಯಲ್ಲಿ ಲೇಯರ್, 1996ರ 4.0ರಲ್ಲಿ ಅಡ್ಜಸ್ಟ್‌ಮೆಂಟ್ ಲೇಯರ್ ಬಂದವು. ಒಂದಕ್ಕಿಂತ ಹೆಚ್ಚು ಹೆಜ್ಜೆ ಹಿಂದೆ ಹೋಗಲು ಬಿಡುವ ಹಿಸ್ಟರಿ ಸಿಕ್ಕಿದ್ದು 1998ರಲ್ಲಿ. ಅಲ್ಲಿಯವರೆಗೆ ಅನ್‌ಡು ಎಂದರೆ ಒಂದೇ ಹೆಜ್ಜೆ. ಅಂದು ವೃತ್ತಿಪರರು ಪ್ರತಿ ಹಂತದಲ್ಲೂ ಬೇರೆ ಹೆಸರಿನಲ್ಲಿ ಫೈಲ್ ಉಳಿಸಿಕೊಂಡು ಮುಂದೆ ಹೋಗಬೇಕಿತ್ತು.

ಅಡ್ಜಸ್ಟ್‌ಮೆಂಟ್ ಲೇಯರ್‌ನಲ್ಲಿ ಚಿತ್ರವೇನೂ ಇರುವುದಿಲ್ಲ. ಕೆಳಗಿನದನ್ನು ಇಷ್ಟು ಬೆಳಗಿಸು, ಈ ಬಣ್ಣ ಇಷ್ಟು ತಗ್ಗಿಸು ಎಂಬ ಆಜ್ಞೆ ಮಾತ್ರ. ಅದಕ್ಕೆ ಜೊತೆಯಾಗುವುದು ಮಾಸ್ಕ್. ಮಾಸ್ಕ್‌ನಲ್ಲಿ ಬಿಳಿ ಇರುವಲ್ಲಿ ಆಜ್ಞೆ ನಡೆಯುತ್ತದೆ, ಕಪ್ಪು ಬಳಿದಲ್ಲಿ ನಡೆಯುವುದಿಲ್ಲ, ಬೂದು ಬಳಿದಲ್ಲಿ ಅರೆಬರೆಯಾಗಿ ನಡೆಯುತ್ತದೆ. ವಧುವಿನ ಮುಖದ ಮೇಲೆ ಬಿಳಿ, ಮಲ್ಲಿಗೆಯ ಮೇಲೆ ಕಪ್ಪು ಬಳಿದರೆ ಮುಖ ಬೆಳಗುತ್ತದೆ, ಹೂವು ಹೂವಾಗಿಯೇ ಉಳಿಯುತ್ತದೆ. ಕುಂಚ ಕಿವಿಯ ಆಚೆ ಜಾರಿದರೆ ಬಣ್ಣ ಬದಲಿಸಿ ಮತ್ತೆ ಬಳಿದರಾಯಿತು. ಇರೇಸರ್ ಹಿಡಿದು ಅಳಿಸಿದ್ದರೆ ಆ ಭಾಗದ ಪಿಕ್ಸೆಲ್‌ಗಳೇ ಹೋಗಿರುತ್ತಿದ್ದವು.

ಮನೆಗಳಲ್ಲಿರುವ ಹಳೆಯ ಸ್ಟುಡಿಯೊ ಫೋಟೊಗಳಿಗೆ ಈ ವಿಧಾನ ತುಂಬ ಬೇಕಾದದ್ದು. ಬೂಷ್ಟು ಹಿಡಿದ, ಗೀರು ಬಿದ್ದ ಅಜ್ಜ ಅಜ್ಜಿಯರ ಚಿತ್ರ ಸ್ಕ್ಯಾನ್ ಆಗಿ ಬಂದಿದೆ ಎನ್ನೋಣ. ಕಲೆ ತೆಗೆಯಲು ಸ್ಕ್ಯಾನ್ ಚಿತ್ರದ ಮೇಲೆಯೇ ಕ್ಲೋನ್ ಅಥವಾ ಹೀಲಿಂಗ್ ಬ್ರಷ್ ಆಡಿಸುವ ಬದಲು, ಮೇಲೊಂದು ಖಾಲಿ ಲೇಯರ್ ಇಟ್ಟು, ಕೆಳಗಿನ ಲೇಯರ್‌ಗಳಿಂದಲೂ ಮಾದರಿ ತೆಗೆದುಕೊಳ್ಳುವ ಆಯ್ಕೆ ಗುರುತಿಸಿ, ಅಲ್ಲಿ ತೇಪೆ ಹಾಕಬೇಕು. ಕಲೆ ಎಂದು ಅಳಿಸಿದ್ದು ಅಜ್ಜಿಯ ಕೆನ್ನೆಯ ಮಚ್ಚೆ ಎಂದು ಮನೆಯ ಹಿರಿಯರು ಹೇಳಿದರೆ, ಆ ತೇಪೆಯೊಂದನ್ನೇ ತೆಗೆಯಬಹುದು. ಮುಖದ ನೆರಳು ಬೆಳಕು ತಿದ್ದಲು ಶೇಕಡ 50 ಬೂದು ತುಂಬಿದ ಲೇಯರನ್ನು ಓವರ್‌ಲೇ ಮೋಡ್‌ನಲ್ಲಿ ಇಡುವುದು ವಾಡಿಕೆ. ಅದರ ಮೇಲೆ ಬಿಳಿ ಬಳಿದಲ್ಲಿ ಚಿತ್ರ ಬೆಳಗುತ್ತದೆ, ಕಪ್ಪು ಬಳಿದಲ್ಲಿ ಮಬ್ಬಾಗುತ್ತದೆ. ಬರೀ ಬೂದು ಉಳಿದಲ್ಲಿ ಏನೂ ಬದಲಾಗದು.

ಕ್ರಾಪ್ ಮಾಡುವಾಗಲೂ ಎಚ್ಚರ ಬೇಕು. ಫೋಟೊಶಾಪ್‌ನಲ್ಲಿ 'ಡಿಲೀಟ್ ಕ್ರಾಪ್ಡ್ ಪಿಕ್ಸೆಲ್ಸ್' ಎಂಬ ಗುರುತು ತೆಗೆದಿದ್ದರೆ ಅಂಚಿನ ಭಾಗ ಮರೆಯಾಗುತ್ತದೆ, ನಾಶವಾಗುವುದಿಲ್ಲ. ದರ್ಜಿ ಬಟ್ಟೆ ಕತ್ತರಿಸಿ ಎಸೆಯದೆ ಹೊಲಿಗೆಯ ಒಳಗೆ ಮಡಿಸಿಡುವಂತೆ, ಬೇಕಾದಾಗ ಬಿಚ್ಚಿಕೊಳ್ಳಬಹುದು.

ಚಿತ್ರವನ್ನು ಸಣ್ಣದು ಮಾಡಿ ಮತ್ತೆ ದೊಡ್ಡದು ಮಾಡಿದಾಗ ಮಸುಕಾಗುವ ತೊಂದರೆಗೆ 2005ರಲ್ಲಿ ಫೋಟೊಶಾಪ್‌ನ ಸ್ಮಾರ್ಟ್ ಆಬ್ಜೆಕ್ಟ್ ಪರಿಹಾರ ತಂದಿತು. ಅದು ಪೂರ್ಣ ಗಾತ್ರದ ಮೂಲವನ್ನು ಒಳಗೇ ಇಟ್ಟುಕೊಂಡಿರುತ್ತದೆ. 2007ರಲ್ಲಿ ಬಂದ ಸ್ಮಾರ್ಟ್ ಫಿಲ್ಟರ್‌ನಿಂದ ಬ್ಲರ್, ಶಾರ್ಪನ್‌ನಂಥ ಫಿಲ್ಟರ್‌ಗಳನ್ನೂ ಆಮೇಲೆ ಬದಲಿಸುವುದು ಸಾಧ್ಯವಾಯಿತು. ಹಣ ಕೊಡದೆ ಸಿಗುವ ಗಿಂಪ್‌ನ ಬಳಕೆದಾರರು ಇದಕ್ಕಾಗಿ ಬಹಳ ಕಾಲ ಕಾದರು. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0ರಲ್ಲಿ ಫಿಲ್ಟರ್‌ಗಳು ಲೇಯರ್‌ನೊಡನೆ ಕರಗದೆ ಬೇರೆಯಾಗಿ ಉಳಿಯುತ್ತವೆ. ಯಾವಾಗ ಬೇಕಾದರೂ ತೆರೆದು ಬದಲಿಸಬಹುದು.

ಇದೇ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದದ್ದು ಲೈಟ್‌ರೂಮ್, ಡಾರ್ಕ್‌ಟೇಬಲ್‌ನಂಥ ತಂತ್ರಾಂಶಗಳು. ಇವು ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ರಾ ಫೈಲನ್ನು ಓದುತ್ತವೆ, ಅದರೊಳಗಿನ ಚಿತ್ರವನ್ನು ಬದಲಿಸುವುದಿಲ್ಲ. ತಿದ್ದುಪಡಿಯೆಲ್ಲ ಕ್ಯಾಟಲಾಗ್ ಎಂಬ ದಾಖಲೆಪಟ್ಟಿಯಲ್ಲೋ ಪಕ್ಕದ ಎಕ್ಸ್‌ಎಂಪಿ ಎಂಬ ಪುಟ್ಟ ಫೈಲ್‌ನಲ್ಲೋ ಬರಹವಾಗಿ ಕೂರುತ್ತದೆ. ಒಂದೇ ಮೂಲದಿಂದ ಬಣ್ಣದ್ದೊಂದು, ಕಪ್ಪುಬಿಳುಪಿನದೊಂದು ರೂಪ ಮಾಡಿಕೊಂಡರೂ ದೊಡ್ಡ ಫೈಲ್ ಒಂದೇ. 14 ಬಿಟ್‌ನ ರಾ ಫೈಲ್‌ನಲ್ಲಿ ಬೆಳಕಿನ ಮೆಟ್ಟಿಲುಗಳು 16,384, ಜೆಪೆಗ್‌ನಲ್ಲಿ 256. ತಿದ್ದುವವರ ಕೈಗೆ ಸಿಗುವ ಅವಕಾಶ ಅಷ್ಟು ಹಿರಿದು.

ಮೂಲ ಉಳಿಯುವುದು ಬರೀ ಅನುಕೂಲದ ಪ್ರಶ್ನೆಯಲ್ಲ, ನಂಬಿಕೆಯದೂ ಹೌದು. ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯ ಅಂತಿಮ ಸುತ್ತುಗಳಿಗೆ ಬಂದವರು ಕ್ಯಾಮೆರಾದ ಮೂಲ ಫೈಲ್‌ಗಳನ್ನು ಒಪ್ಪಿಸಬೇಕು. ಚಿತ್ರದಲ್ಲಿ ಏನನ್ನಾದರೂ ಸೇರಿಸಲಾಗಿದೆಯೆ, ತೆಗೆಯಲಾಗಿದೆಯೆ ಎಂದು ಹೋಲಿಸಿ ನೋಡುವುದು ಅದರಿಂದಲೇ ಸಾಧ್ಯ. ಮೂಲ ಕಳೆದುಕೊಂಡ ಛಾಯಾಗ್ರಾಹಕನ ಬಳಿ ತನ್ನ ಪ್ರಾಮಾಣಿಕತೆಗೆ ಪುರಾವೆಯೇ ಇರುವುದಿಲ್ಲ.

ಈ ವಿಧಾನಕ್ಕೆ ತೆರಬೇಕಾದ ಬೆಲೆಯೂ ಇದೆ. ಲೇಯರ್ ಹೆಚ್ಚಿದಂತೆ ಫೈಲ್ ಹಿಗ್ಗುತ್ತದೆ, ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಒಂದು ತಂತ್ರಾಂಶದ ಸೂಚನೆಗಳನ್ನು ಇನ್ನೊಂದು ಪೂರ್ತಿ ಓದಲಾರದು. ಲೈಟ್‌ರೂಮ್ ಬಳಸುವವರು ಫೋಟೊಗಳ ಜೊತೆ ಕ್ಯಾಟಲಾಗ್‌ನ ಪ್ರತಿಯನ್ನೂ ತೆಗೆದಿಡದಿದ್ದರೆ, ಡಿಸ್ಕ್ ಕೆಟ್ಟ ದಿನ ಮೂಲ ಚಿತ್ರಗಳು ಬೇರೆಡೆ ಉಳಿದಿದ್ದರೂ ಅವುಗಳ ಮೇಲೆ ಮಾಡಿದ ಕೆಲಸ ಉಳಿಯದು.

ಮೊಬೈಲ್‌ನಲ್ಲಿ ತಿದ್ದುವವರಿಗೂ ಈ ಸೌಕರ್ಯ ಇದೆ. ಐಫೋನ್‌ನ ಫೋಟೊಸ್‌ನಲ್ಲಿ ರಿವರ್ಟ್ ಒತ್ತಿದರೆ ಮೂಲ ಮರಳುತ್ತದೆ. ಗೂಗಲ್ ಫೋಟೊಸ್‌ನಲ್ಲಿ ಸೇವ್ ಕಾಪಿ ಆಯ್ದರೆ ತಿದ್ದಿದ ಪ್ರತಿ ಬೇರೆಯಾಗಿ ಉಳಿಯುತ್ತದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಬಂದ ಚಿತ್ರ ಆಗಲೇ ಕುಗ್ಗಿರುತ್ತದೆ. ತಿದ್ದಲು ಅದನ್ನೇ ಹಿಡಿದು ಕೂರಬಾರದು. ಕಳಿಸುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಬೇಕು.

ಹೊಸದಾಗಿ ಕಲಿಯುವವರು ಎಲ್ಲವನ್ನೂ ಒಮ್ಮೆಗೇ ರೂಢಿಸಿಕೊಳ್ಳಬೇಕಿಲ್ಲ. ಕೆಲಸದ ಫೈಲನ್ನು ಲೇಯರ್‌ಗಳ ಸಮೇತ ಫೋಟೊಶಾಪ್‌ನ ಪಿಎಸ್‌ಡಿ ಅಥವಾ ಗಿಂಪ್‌ನ ಎಕ್ಸ್‌ಸಿಎಫ್ ಆಗಿ ಉಳಿಸಲಿ, ಹಂಚಲು ಮಾತ್ರ ಜೆಪೆಗ್ ಪ್ರತಿ ತೆಗೆಯಲಿ. ಕ್ಯಾಮೆರಾದಿಂದ ಅಥವಾ ಸ್ಕ್ಯಾನರ್‌ನಿಂದ ಬಂದ ಫೈಲ್‌ಗಳನ್ನು 'ಮೂಲ' ಎಂಬ ಬೇರೆ ಫೋಲ್ಡರ್‌ಗೆ ಹಾಕಿ, ಎರಡನೆಯ ಪ್ರತಿಯನ್ನು ಇನ್ನೊಂದು ಡಿಸ್ಕ್‌ನಲ್ಲಿಡಲಿ. ಮನೆಯ ಹಳೆಯ ಆಲ್ಬಮ್ ಸ್ಕ್ಯಾನ್ ಮಾಡಿಸುವ ಯೋಚನೆ ಇರುವವರು, ಅಂಗಡಿಯವರು ತಿದ್ದಿಕೊಟ್ಟ ಚಿತ್ರದ ಜೊತೆಗೆ ತಿದ್ದದ ಸ್ಕ್ಯಾನನ್ನೂ ತಪ್ಪದೆ ಕೇಳಿ ಪಡೆಯಬೇಕು.