ಗಾಳಿಯಂತ್ರದ ರೆಕ್ಕೆ: ಕೋನ, ವಿದ್ಯುತ್ತು ಮತ್ತು ಸದ್ದು

ಪುಣೆಯಿಂದ ಬೆಂಗಳೂರಿಗೆ ರಸ್ತೆಯ ಮೂಲಕ ಪ್ರಯಾಣ ಮಾಡಿದವರು ಚಿತ್ರದುರ್ಗದ ಬಳಿಯ ಬೆಟ್ಟಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳನ್ನು ಗಮನಿಸಿರಬಹುದು. ಅವುಗಳ ರೆಕ್ಕೆಗಳು ನಿಧಾನವಾಗಿ ಸುತ್ತುವುದು ಕಣ್ಣಿಗೆ ಕಾಣುತ್ತದೆ. ಆದರೆ ಇಂದಿನ ಯಂತ್ರಗಳಲ್ಲಿ ರೆಕ್ಕೆಯು ಹೀಗೆ ಸುತ್ತುತ್ತಿರುವಾಗಲೇ ತನ್ನ ಉದ್ದದ ಅಕ್ಷದ ಮೇಲೆ ಕೆಲವು ಡಿಗ್ರಿಗಳಷ್ಟು ಹೊರಳಬಲ್ಲದು ಎಂಬುದು ದೂರದಿಂದ ತಿಳಿಯದು. ಇದಕ್ಕೆ ಪಿಚ್ ನಿಯಂತ್ರಣವೆಂದು ಹೆಸರು. ಯಂತ್ರವು ನೀಡುವ ವಿದ್ಯುತ್ತು, ಸಮೀಪದ ಊರಿಗೆ ಕೇಳಿಸುವ ಸದ್ದು, ಎರಡಕ್ಕೂ ಇದರೊಡನೆ ನಿಕಟ ಸಂಬಂಧವಿದೆ.

ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 3ರಿಂದ 4 ಮೀಟರ್ ವೇಗದಲ್ಲಿ ಯಂತ್ರವು ವಿದ್ಯುತ್ತನ್ನು ಉತ್ಪಾದಿಸತೊಡಗುತ್ತದೆ. ಆಗ ರೆಕ್ಕೆಗಳು ಗಾಳಿಯ ಬಲವನ್ನು ಆದಷ್ಟು ಹೆಚ್ಚಾಗಿ ಪಡೆಯುವ ಕೋನದಲ್ಲಿರುತ್ತವೆ. ವೇಗವು ಸುಮಾರು 12 ಮೀಟರನ್ನು ಮುಟ್ಟಿದಾಗ ಜನರೇಟರು ತನ್ನ ಪೂರ್ಣ ಸಾಮರ್ಥ್ಯವನ್ನು ತಲುಪುತ್ತದೆ. ಅದಕ್ಕೂ ಬಿರುಸಾದ ಗಾಳಿಯಲ್ಲಿ ರೆಕ್ಕೆಗಳು ಹೊರಳಿ, ಮಿಗಿಲಾದ ಬಲವನ್ನು ಹಾದುಹೋಗಲು ಬಿಡುತ್ತವೆ. 25 ಮೀಟರಿನ ಆಸುಪಾಸಿನಲ್ಲಿ ಅವು ಹೆಚ್ಚುಕಡಿಮೆ 90 ಡಿಗ್ರಿ ತಿರುಗಿ, ಗಾಳಿಗೆ ಅಂಚನ್ನು ಮಾತ್ರ ಒಡ್ಡುವುದರಿಂದ ಯಂತ್ರ ನಿಲ್ಲುತ್ತದೆ. ವಿದ್ಯುತ್ ಜಾಲ ಕೈಕೊಟ್ಟಾಗಲೂ ಈ ಕೆಲಸ ನಡೆಯಬೇಕಾದುದರಿಂದ ಬ್ಯಾಟರಿಯ ಅಥವಾ ಹೈಡ್ರಾಲಿಕ್ ಒತ್ತಡದ ಆಸರೆ ಇರುತ್ತದೆ.

1990ರ ದಶಕದ ಅನೇಕ ಯಂತ್ರಗಳಲ್ಲಿ ರೆಕ್ಕೆಗಳನ್ನು ಹೊರಳದಂತೆ ಬಿಗಿದು ಕೂರಿಸಲಾಗಿತ್ತು. ಗಾಳಿ ರಭಸವಾದಾಗ ಅದರ ಹರಿವು ರೆಕ್ಕೆಯ ಮೈಯಿಂದ ಬೇರ್ಪಟ್ಟು ಸುಳಿಗಟ್ಟುತ್ತಿತ್ತು. ಉತ್ಪಾದನೆ ತಾನಾಗಿ ಹತೋಟಿಗೆ ಬರುತ್ತಿತ್ತು. ಏರ್ಪಾಡು ಸರಳವಾದುದೇ ಆದರೂ ಆ ಸುಳಿಗಳಿಂದ ಸದ್ದು ಹೆಚ್ಚುತ್ತಿತ್ತು.

ಗಾಳಿಯಂತ್ರದ ಏರಿಳಿಯುವ ಸದ್ದು ಬಹುತೇಕ ರೆಕ್ಕೆಯ ತುದಿಯ ಸಮೀಪ, ಹಿಂಬದಿಯ ಅಂಚಿನಲ್ಲಿ ಹುಟ್ಟುತ್ತದೆ. ದೊಡ್ಡ ಯಂತ್ರಗಳಲ್ಲಿ ತುದಿಯ ವೇಗ ಸೆಕೆಂಡಿಗೆ 70ರಿಂದ 80 ಮೀಟರ್, ಎಂದರೆ ಗಂಟೆಗೆ 250 ಕಿಲೋಮೀಟರಿಗೂ ಅಧಿಕ! ಈ ವೇಗವನ್ನು ಶೇಕಡ 10ರಷ್ಟು ತಗ್ಗಿಸಿದರೆ ಸದ್ದು 2 ಡೆಸಿಬಲ್‌ಗಿಂತ ತುಸು ಹೆಚ್ಚು ಇಳಿಯುತ್ತದೆ.

ರಾತ್ರಿ ನೆಲದ ಬಳಿ ಗಾಳಿ ನಿಂತು ಊರು ನಿಶ್ಶಬ್ದವಾಗಿದ್ದರೂ ಎತ್ತರದಲ್ಲಿ ಅದು ಬಲವಾಗಿ ಬೀಸುತ್ತಿರಬಹುದು. ಮಲಗಿದವರಿಗೆ ಯಂತ್ರದ ಸದ್ದು ತೊಂದರೆ ಕೊಡುವುದು ಆಗಲೇ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಗಳಿಗೆ ರಾತ್ರಿಯ ಮಿತಿಯನ್ನು 45 ಡೆಸಿಬಲ್ ಎಂದು ವಿಧಿಸಿವೆ. ಇಂಥ ಹೊತ್ತಿನಲ್ಲಿ ರೆಕ್ಕೆಗಳನ್ನು ಕೆಲವು ಡಿಗ್ರಿ ಹೊರಳಿಸಿ, ಸುತ್ತುವ ವೇಗವನ್ನು ಇಳಿಸುವ ಸೌಲಭ್ಯ ಇಂದಿನ ಅನೇಕ ಯಂತ್ರಗಳಲ್ಲಿದೆ. ಒಂದಿಷ್ಟು ವಿದ್ಯುತ್ತು ಕಡಿಮೆಯಾಗುವುದು ನಿಜ. ಯಂತ್ರವನ್ನೇ ನಿಲ್ಲಿಸುವುದಕ್ಕಿಂತ ಇದು ಮೇಲು. ಗಾಳಿ ಊರಿನ ಕಡೆಗೆ ಬೀಸುವ ರಾತ್ರಿಗಳಲ್ಲಿ, ಮನೆಗಳಿಗೆ ಹತ್ತಿರವಿರುವ ಯಂತ್ರಗಳಿಗೆ ಮಾತ್ರ ಇದನ್ನು ಅನ್ವಯಿಸಿದರೆ ನಷ್ಟವನ್ನು ಇನ್ನೂ ತಗ್ಗಿಸಬಹುದು.